ಟಿವಿಗೆ ನಿವಾಳಿಸಿದ ಮೆಣಸಿನಕಾಯಿ

ಒಗ್ಗರಣೆಯಲ್ಲಿ ಮೆಣಸಿನಕಾಯಿ ಸೀದ ಘಾಟು ಬಂದರೆ ಇಂದಿಗೂ ನನಗೆ, ಅಪ್ಪನೇ ಮರೆತುಬಿಟ್ಟಿರುವ ಒಬ್ಬ ಆಟಗಾರ ನೆನಪಾಗುತ್ತಾನೆ.

ನಾವಾಗ ಅಮೆರಿಕದಲ್ಲಿ, ಡೆಟ್ರಾಯಿಟ್ ಬಳಿಯ ರಾಚೆಸ್ಟರ್ ಹಿಲ್ಸ್‌ನಲ್ಲಿದ್ದೆವು. ಡೆಟ್ರಾಯಿಟ್ ಬೇಸ್‌ಬಾಲ್ ತಂಡಕ್ಕೆ ಆ ವರ್ಷ ಎಳೆ ಮುಖದ ಹೊಸ ಆಟಗಾರನೊಬ್ಬ ಬಂದಿದ್ದ. ಇವನೇ ತಂಡವನ್ನು ಮೇಲೆತ್ತುತ್ತಾನೆ ಎಂದು ಊರೆಲ್ಲ ನಂಬಿತ್ತು. ಅಪ್ಪನಂತೂ ಅವನ ಹೆಸರಿನ ಜೆರ್ಸಿ ತೊಟ್ಟೇ ತಿಂಡಿಗೆ ಕೂರುತ್ತಿದ್ದರು. ಆದರೆ ಒಂದು ವಾರದಿಂದ ಅವನ ಬ್ಯಾಟಿಗೆ ಚೆಂಡೇ ತಾಗಿರಲಿಲ್ಲ; ಕ್ರಿಕೆಟ್ಟಿನ ಸಿಕ್ಸರ್‌ನಂತೆ ಚೆಂಡನ್ನು ಗ್ಯಾಲರಿಗೆ ಬಾರಿಸಿ, ಸಾವಕಾಶವಾಗಿ ಮೈದಾನ ಸುತ್ತಿ ಬರುವ 'ಹೋಮ್ ರನ್' ಅಂತೂ ದೂರದ ಮಾತಾಗಿತ್ತು.

"ಇಷ್ಟೊಂದು ಜನ ಹೊಗಳಿದ್ರೆ ಇನ್ನೇನಾಗತ್ತೆ? ಮಗೂಗೆ ದೃಷ್ಟಿ ಆಗಿದೆ," ಎಂದರು ಮೈಸೂರಿನಿಂದ ಬಂದಿದ್ದ ಅಜ್ಜಿ. ಭಾನುವಾರ ಮಧ್ಯಾಹ್ನ ಅವನು ಬ್ಯಾಟ್ ಹಿಡಿದು ಬರುತ್ತಿದ್ದಂತೆ ಉಪ್ಪು, ಒಣಮೆಣಸಿನಕಾಯಿಯನ್ನು ಟಿವಿಗೆ ಮೂರು ಸುತ್ತು ನಿವಾಳಿಸಿ, ಒಲೆಯ ಮೇಲೆ ಕಾದಿದ್ದ ಬಾಣಲೆಗೆ ಹಾಕಿ ಬಂದು ಕೂತರು.

ಸ್ಮೋಕ್ ಅಲಾರಂ ಕಿರುಚತೊಡಗಿತು. ಅಪ್ಪ ಕುರ್ಚಿ ಹತ್ತಿ ಟವೆಲ್ ಬೀಸಿದರು, ಅಮ್ಮ ಕೆಮ್ಮುತ್ತಲೇ ಕಿಟಕಿ ತೆರೆದರು, ನಾನು ಬಾಗಿಲು ತೆರೆದು ಹಿಡಿದೆ. ಅಷ್ಟರಲ್ಲಿ ಪಕ್ಕದ ಮನೆಯಿಂದ ಹೋ ಎಂಬ ಕೂಗೆದ್ದಿತು.

"ಏನಾಯ್ತಮ್ಮಾ?" ಎಂದು ಅಪ್ಪ ಕುರ್ಚಿಯ ಮೇಲಿಂದಲೇ ಅಜ್ಜಿಯನ್ನು ಕೇಳಿದರು.

ಟಿವಿ ಮುಂದೆ ಉಳಿದಿದ್ದವರು ಅಜ್ಜಿ ಒಬ್ಬರೇ. ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: "ಚೆಂಡು ಹೋಗಿ ಜನರ ಮಧ್ಯೆ ಬಿತ್ತು ಕಣೋ. ಮಗು ನಗ್ತಾ ಆರಾಮಾಗಿ ಓಡ್ತಿದೆ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ."