ನಲವತ್ತನೆಯವನ ರಕ್ತ

ಉಳವಪ್ಪ ಸಾಯಬಾರದಿತ್ತು. ರಘುವೀರನ ಲೆಕ್ಕದ ಪ್ರಕಾರ ಆತನ ಶ್ವಾಸಕೋಶ ಔಷಧದಲ್ಲಿ ನೆನೆದುಹೋಗಿತ್ತು.

ರಕ್ತದಲ್ಲಿ ಕರಗಿದ ಔಷಧ ಶ್ವಾಸಕೋಶಕ್ಕೆ ಎಷ್ಟು ಇಳಿಯುತ್ತದೆ, ಎಷ್ಟು ಹೊತ್ತಿಗೆ ರಕ್ತಕ್ಕೆ ಮರಳುತ್ತದೆ ಎಂದು ಕಂಪ್ಯೂಟರಿನಲ್ಲಿ ಗಣಿತದ ಮಾದರಿ ಕಟ್ಟಿ ಹೇಳುವುದು ಸವಣೂರಿನ ರಘುವೀರನ ಕೆಲಸ. ಕ್ಷಯದ ಹೊಸ ಗುಳಿಗೆಯ ಪ್ರಯೋಗಕ್ಕೆ ನಲವತ್ತು ರೋಗಿಗಳು ಸೇರಿದ್ದರು. ಮೂವತ್ತೊಂಬತ್ತು ಮಂದಿಯ ರಕ್ತ ಅವನ ಮಾದರಿಗೆ ಹೊಂದಿತು. ಮಾಸೂರಿನ ಉಳವಪ್ಪನದು ಹೊಂದಲಿಲ್ಲ. ವಾರವಾರ ಆತ ಗುಳಿಗೆಯ ಖಾಲಿ ಸ್ಟ್ರಿಪ್‌ಗಳನ್ನು ತಪ್ಪದೆ ತಂದೊಪ್ಪಿಸುತ್ತಿದ್ದ. ರಕ್ತದಲ್ಲಿ ಮಾತ್ರ ಔಷಧದ ಸುಳಿವಿಲ್ಲ. ಹಾಗಾದರೆ ಅಷ್ಟೂ ಶ್ವಾಸಕೋಶಕ್ಕಿಳಿದು ಅಲ್ಲೇ ಉಳಿದಿರಬೇಕು. ರಘುವೀರ ಹೊಸದೊಂದು ಸಮೀಕರಣ ಸೇರಿಸಿದ. ಅವನ ಸಂಶೋಧನೆಯ ಗುರುಗಳು ಬೆನ್ನು ತಟ್ಟಿದರು. ಈ ರೋಗಿಯ ಮದ್ದು ಬದಲಿಸಬೇಕಿಲ್ಲ ಎಂದು ರಘುವೀರ ಆಸ್ಪತ್ರೆಗೆ ಬರೆದೂ ಕೊಟ್ಟ.

ಐದನೆಯ ತಿಂಗಳು ಉಳವಪ್ಪ ತೀರಿಕೊಂಡ.

ಅಂದಿನಿಂದ ಕಂಪ್ಯೂಟರಿನ ಪರದೆಯ ಮೇಲೆ ಆ ಮಾದರಿಯ ಗೆರೆ ಬರೀ ಗೆರೆಯಾಗಿ ಉಳಿಯಲಿಲ್ಲ. ಏರುವಾಗ ಯಾರೋ ಉಸಿರೆಳೆದಂತೆ, ಇಳಿಯುವಾಗ ಬಿಟ್ಟಂತೆ. ಊಟಕ್ಕೆ ಕೂತಾಗ ಬೆನ್ನ ಹಿಂದೆ ಕೆಮ್ಮು ಕೇಳಿದಂತಾಗಿ ತಿರುಗುತ್ತಿದ್ದ. ವರ್ಷ ತುಂಬುವ ಹೊತ್ತಿಗೆ ತಡೆಯಲಾರದೆ ಮಾಸೂರಿಗೆಂದು ಹಿರೇಕೆರೂರಿನ ಬಸ್ಸು ಹತ್ತಿದ.

ಮಾಸೂರಿನ ಮನೆಯಂಗಳದಲ್ಲಿ ಉಳವಪ್ಪನ ಹೆಂಡತಿ ದಾನವ್ವ ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸಿದಳು. ಏದುಸಿರು ಕೂಡ ಇಲ್ಲ. "ಕುಂತ್ರಿ ಸಾಹೇಬ್ರ, ಮಜ್ಜಿಗಿ ತರ್ತೇನಿ."

"ಬ್ಯಾಡ್ರಿ. ಒಂದು ಮಾತು ಹೇಳಲಿಕ್ಕೆ ಬಂದೇನಿ. ನಿಮ್ಮ ಯಜಮಾನ್ರಿಗೆ ಔಷಧ ಹತ್ತೇದ ಅಂತ ಬರದು ಕೊಟ್ಟಾಂವ ನಾನ. ನನ್ನ ಲೆಕ್ಕ ತಪ್ಪೇದ. ಎಲ್ಲಿ ತಪ್ಪೇದ ಅನ್ನೋದು ಇನ್ನೂ ತಿಳಿವಲ್ದು."

ದಾನವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮ್ಮನ್ನ ಯಾಕ ಬಯ್ಯಲ್ರಿ? ನನ್ನ ಉಳಿಸಿದವರ ನೀವು."

"ನಿಮ್ಮನ್ನ?"

"ನನಗೂ ಅದ ಕೆಮ್ಮ ಇತ್ತಲ್ರಿ. ಮಗಳು ಶ್ವೇತಾನ ಲಗ್ನ ಗೊತ್ತಾಗಿತ್ತು. ಅಪ್ಪಗ ಕ್ಷಯ ಅಂದಿದ್ದಕ್ಕ ಬೀಗರು ಹಿಂದ ಮುಂದ ನೋಡಾಕತ್ತಿದ್ರು. ಅವ್ವಗೂ ಐತಿ ಅಂದ್ರ ಮುರದ ಹೋಗ್ತಿತ್ತು. ನೀ ದವಾಖಾನಿಗೆ ಬರಬ್ಯಾಡ, ಡಾಕ್ಟರಿಗೆ ಹೇಳಿ ನಿನ್ನ ಪಾಲಿನ ಗುಳಿಗಿ ನಾನ ತರ್ತೇನಿ ಅಂದ್ರು ಯಜಮಾನ್ರು. ದಿನಾ ಮುಂಜಾನೆ ತಮ್ಮ ಕೈಯಾರೆ ನನ್ನ ಬಾಯಾಗ ಹಾಕಿ, ನುಂಗೂತನಕಾ ಎದುರಿಗೆ ಕುಂತಿರ್ತಿದ್ರು. ತಮ್ಮ ಪಾಲಿಂದು ಎದ್ದ ಕೂಡ್ಲೇ ನುಂಗೇನಿ ಅಂತಿದ್ರು."

ರಘುವೀರ ವಾರವಾರ ಬಂದ ಖಾಲಿ ಸ್ಟ್ರಿಪ್‌ಗಳನ್ನು ಮನಸ್ಸಿನಲ್ಲೇ ಎಣಿಸಿದ.

"ಅದ ಔಷಧ ನನಗ ಹತ್ತಿತು. ಅವರಿಗ್ಯಾಕ ಹತ್ತಲಿಲ್ರಿ?" ದಾನವ್ವ ಕೇಳಿದಳು. "ನೀವು ಕಲಿತವರು, ಹೇಳ್ರಿ."

ರಘುವೀರ ಮೆಲ್ಲಗೆ ಹೇಳಿದ: "ಒಬ್ಬೊಬ್ಬರ ರಕ್ತ ಒಂದೊಂದು ಥರ ಇರ್ತದ್ರಿ."

ಆಸ್ಪತ್ರೆಯಿಂದ ಆ ಮನೆಗೆ ಗುಳಿಗೆ ಹೋಗಿದ್ದು ಒಬ್ಬರ ಪಾಲಿನದು ಮಾತ್ರ.