ಹಿಂದಿನ ಸೀಟಿನ ಚಿಕಿತ್ಸೆ

ಹಲ್ಲಿನ ಡಾಕ್ಟರು ಮೋಟಾರ್‌ಸೈಕಲ್ಲಿನ ಹಿಂದಿನ ಸೀಟನ್ನು ಎರಡು ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿ, "ನೋವು ಇರೋದು ಇಲ್ಲೇ" ಎಂದು ತೀರ್ಪು ಕೊಟ್ಟರು.

ಗ್ಯಾರೇಜ್ ನಡೆಸುತ್ತಿದ್ದ ಅವರ ಭಾವಮೈದುನ ಕೈ ಒರೆಸಿಕೊಳ್ಳುತ್ತಾ ಹೂಂಗುಟ್ಟಿದ. ಹೊರಗೆ ಚಳಿ ಕೊರೆಯುತ್ತಿತ್ತು. ಬಿಸಿಲು ಮರಳುವವರೆಗೆ ಗಾಡಿಗೆ ರಜೆ. ಎಂಜಿನ್ ಆಯಿಲ್ ಬದಲಾಯಿಸುವುದು, ಬ್ರೇಕ್ ಬಿಚ್ಚುವುದು, ಚೈನ್ ತೊಳೆಯುವುದು, ಹೊಸದೇನಾದರೂ ಕೂರಿಸುವುದು, ಎಲ್ಲ ಈಗಲೇ ಆಗಬೇಕು. ಪ್ರತಿ ವರ್ಷ ಈ ಮಾತುಕತೆಗೆ ಡಾಕ್ಟರು ಬೀಗರ ಗತ್ತಿನಲ್ಲಿ ಬರುತ್ತಿದ್ದರು. ಈ ಸಲ ಮಾತ್ರ ಮುಖ ಸಪ್ಪಗಿತ್ತು. ಕಳೆದ ಪ್ರವಾಸ ಮುಗಿಸಿ ಮನೆ ಮುಂದೆ ಇಳಿದವಳೇ ಹೆಂಡತಿ ಕತ್ತು ನೀವಿಕೊಳ್ಳುತ್ತಾ, ಮುಂದಿನ ಸಲ ನೀವೊಬ್ಬರೇ ಹೋಗಿಬನ್ನಿ ಅಂದುಬಿಟ್ಟಿದ್ದಳು. ಅವಳಿಲ್ಲದೆ ಹೋಗುವುದಕ್ಕಿಂತ ಗಾಡಿ ಮಾರಿಬಿಡುವುದೇ ವಾಸಿ ಎಂದು ಡಾಕ್ಟರಿಗೆ ನಿಜವಾಗಿಯೂ ಅನ್ನಿಸಿತ್ತು.

ಹಾಗಾಗಿ ಈ ಚಳಿಗಾಲದ ಉಪಚಾರವೆಲ್ಲ ಹಿಂದಿನ ಸೀಟಿಗೆ. ಮೆತ್ತನೆಯ ಕುಷನ್, ಬೆನ್ನಿಗೊಂದು ಒರಗು, ಕಾಲಿಡಲು ಅಗಲವಾದ ಪಟ್ಟಿ, ಸೀಟು ಬೆಚ್ಚಗಾಗಲು ಒಳಗೆ ತಂತಿ. ಇದು ಸೀಟೋ ಸಿಂಹಾಸನವೋ ಎಂದು ಮೆಕ್ಯಾನಿಕ್ ನಕ್ಕ. ಅಕ್ಕನನ್ನು ಒಂದು ಮಾತು ಕೇಳಿದಿರಾ ಎಂದೂ ವಿಚಾರಿಸಿದ.

"ಯಾವ ಹಲ್ಲು ಹಾಳಾಗಿದೆ ಅಂತ ರೋಗಿ ನನಗೆ ಹೇಳಬೇಕೇನಯ್ಯಾ? ನಾನು ರೋಗಿಗೆ ಹೇಳ್ತೀನಿ" ಎಂದು ಡಾಕ್ಟರು ಅವನ ಬಾಯಿ ಮುಚ್ಚಿಸಿದರು.

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಅಳತೆ ತೆಗೆಯದೆ ದರ್ಜಿ ಬಟ್ಟೆಗೆ ಕತ್ತರಿ ಹಾಕುವುದಿಲ್ಲವಲ್ಲ, ಹಾಗೆ ಇವನೂ ಇಬ್ಬರನ್ನು ಗಾಡಿಯ ಮೇಲೆ ಕೂರಿಸದೆ ಸೀಟು, ಸ್ಪ್ರಿಂಗು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಅದೂ ಪ್ರವಾಸದ ಪೂರ್ತಿ ವೇಷದಲ್ಲಿ, ತಲೆಗೆ ಹೆಲ್ಮೆಟ್, ಮೈಗೆ ಜಾಕೆಟ್, ಎರಡೂ ಪಕ್ಕದ ಪೆಟ್ಟಿಗೆಗಳಲ್ಲಿ ಸಾಮಾನು. ಅಷ್ಟೂ ಭಾರಕ್ಕೆ ಗಾಡಿ ಎಷ್ಟು ಕುಗ್ಗುತ್ತದೆ ಎಂದು ಟೇಪು ಹಿಡಿದು ನೋಡಿದ ಮೇಲೆಯೇ ಅವನ ಕೆಲಸ ಶುರು.

ಡಾಕ್ಟರ ಹೆಂಡತಿ ಸಿಟಿ ಬಸ್ ಓಡಿಸುವವಳು. ಡ್ಯೂಟಿ ಮುಗಿಸಿ ನೇರ ಗ್ಯಾರೇಜಿಗೇ ಬಂದವಳು ಸಮವಸ್ತ್ರದ ಮೇಲೆ ಜಾಕೆಟ್ ಏರಿಸಿ, ಹೆಲ್ಮೆಟ್ ಹಾಕಿಕೊಂಡಳು. ಸೀಟಿನ ಮೇಲೆ ಸದ್ಯಕ್ಕೆ ಬರೀ ಇಟ್ಟಿದ್ದ ಹೊಸ ಕುಷನ್ನಿನ ಪರೀಕ್ಷೆ ಮೊದಲು ನನ್ನ ಮೇಲೇ ಆಗಲಿ ಎಂದು ಡಾಕ್ಟರು ತ್ಯಾಗಮೂರ್ತಿಯ ಹಾಗೆ ಹಿಂದೆ ಹತ್ತಿದರು. ಭಾರ ಸರಿಹೋಗಬೇಕಲ್ಲ, ಹೆಂಡತಿ ಮುಂದೆ ಕೂತಳು. ಕೂತವಳೇ ಬಸ್ಸಿನ ಅಭ್ಯಾಸಕ್ಕೆ ಎರಡೂ ಕನ್ನಡಿ ಸರಿಮಾಡಿಕೊಂಡಳು. ಗ್ಯಾರೇಜಿನ ಬಾಗಿಲು ತೆರೆದಿತ್ತು. ಎದುರಿನ ಬೀದಿ ತಿರುವಿನವರೆಗೂ ಕಾಣುತ್ತಿತ್ತು. ಅವಳು ಎರಡೂ ಹಿಡಿಕೆ ಹಿಡಿದು ಸುಮ್ಮನೆ ಅದನ್ನೇ ನೋಡುತ್ತಾ ಕೂತಳು.

ಹಿಂದಿನಿಂದ ಡಾಕ್ಟರು ಕುಷನ್ನನ್ನು ಬಾಯ್ತುಂಬ ಹೊಗಳಿದರು. ಸ್ವಲ್ಪ ಹೊತ್ತಾದ ಮೇಲೆ ಎಡಕ್ಕೆ ವಾಲಿದರು. ಆಮೇಲೆ ಬಲಕ್ಕೆ ವಾಲಿದರು.

"ಅಲ್ಲಾಡಬೇಡಿ ಭಾವ, ಅಳತೆ ತಪ್ಪುತ್ತೆ" ಎಂದ ಮೆಕ್ಯಾನಿಕ್.

"ಏನೂ ಕಾಣ್ತಿಲ್ಲ ಕಣಯ್ಯಾ. ಬರೀ ನಿಮ್ಮಕ್ಕನ ಹೆಲ್ಮೆಟ್ಟು."

ಹೆಂಡತಿ ತಿರುಗಲಿಲ್ಲ. ಕನ್ನಡಿಯಲ್ಲೇ ಗಂಡನ ಮುಖ ನೋಡಿದಳು. "ನನ್ನ ಬಸ್ಸಲ್ಲಿ ಕಟ್ಟಕಡೇ ಸೀಟಲ್ಲಿ ಕೂತವರಿಗೂ ಮುಂದಿನ ರಸ್ತೆ ಕಾಣುತ್ತೆ ರೀ. ನಿಮ್ಮ ಜೊತೆ ಬೆಟ್ಟ ನೋಡಿದೆ, ಸಮುದ್ರ ನೋಡಿದೆ, ಎಲ್ಲಾ ಕತ್ತು ಓರೆ ಮಾಡ್ಕೊಂಡೇ. ನಿಮ್ಮ ಹೆಲ್ಮೆಟ್ಟಿನ ಹಿಂದೆ ಒಂದು ಉದ್ದ ಗೀರಿದೆ. ನೆಟ್ಟಗೆ ಕೂತು ನೋಡಿದ್ದು ಅಂದ್ರೆ ಅದೊಂದೇ."

ಡಾಕ್ಟರು ಪೆಚ್ಚಾದರು. ಹುಳುಕು ಹಲ್ಲು ಬಿಟ್ಟು ಪಕ್ಕದ ಹಲ್ಲಿಗೆ ಇಕ್ಕಳ ಹಾಕಲು ಹೊರಟಿದ್ದರು! ನಾಚಿಕೆಯೂ ಆಯಿತು, ಅವಳ ಕತ್ತನ್ನು ನೆನೆದು ಪಾಪ ಎಂದೂ ಅನ್ನಿಸಿತು. ಹಿಂದಿನ ಸೀಟು ಇನ್ನಷ್ಟು ಎತ್ತರ ಮಾಡಿಸಿಬಿಡೋಣ ಎಂದರು.

"ಬೇಡ, ನನಗೆ ಇದೇ ಸರಿಯಾಗಿದೆ" ಎಂದು ಅವಳು ಕೂತ ಸೀಟನ್ನೇ ತಟ್ಟಿದಳು.

ಡಾಕ್ಟರು ಹಿಂದಿನಿಂದಲೇ ಹಿಡಿಕೆಯತ್ತ ಕೈ ಚಾಚಿದರು. ಆ ಗಾಡಿಯ ಬೀಗದಕೈಯನ್ನು ಅವರು ಭಾವಮೈದುನನಿಗೆ ಕೊಡುವಾಗಲೂ ಹತ್ತು ಸಲ ಬುದ್ಧಿ ಹೇಳುತ್ತಿದ್ದವರು. ನನಗೆ ಬೈಕ್ ಕಲಿಸಿದವಳೇ ಅಕ್ಕ ಎಂದು ಅವನು ಕೆಳಗಿನಿಂದ ನೆನಪಿಸಿದ. ಊರೆಲ್ಲ ಅವಳ ಬಸ್ಸಿನಲ್ಲಿ ಕೂತು ನೆಮ್ಮದಿಯಾಗಿ ತೂಕಡಿಸುತ್ತದೆ ಎಂದೂ ಸೇರಿಸಿದ. ಡಾಕ್ಟರು ಕನ್ನಡಿಯನ್ನು ನೋಡಿದರು. ಅದರಲ್ಲಿ ಹೆಂಡತಿಯ ಕಣ್ಣು ನಗುತ್ತಿತ್ತು. ಆ ನಗು ಮನೆಯಲ್ಲಿ ಕಂಡು ತಿಂಗಳುಗಳಾಗಿದ್ದವು.

"ಹೋಗ್ತಾ ನಾನು, ಬರ್ತಾ ನೀನು" ಎಂದು ಡಾಕ್ಟರು ಚೌಕಾಸಿಗಿಳಿದರು.

"ಹೋಗ್ತಾ ನಾನು."

"ಆಯ್ತು ಮಾರಾಯ್ತಿ. ನೀನು ಬರ್ತೀಯಲ್ಲ, ಅಷ್ಟು ಸಾಕು ನನಗೆ."

ಮೆಕ್ಯಾನಿಕ್ ಟೇಪು ತಿರುಗಿಸಿಕೊಂಡ. ಕ್ಲಚ್ಚಿನ ಲಿವರನ್ನು ಅಕ್ಕನ ಬೆರಳಿಗೆ ಎಟಕುವ ಹಾಗೆ ಹತ್ತಿರ ತರಬೇಕು ಎಂದ. ಹಿಂದಿನ ಒರಗಿಗೆ ಭಾವನ ಬೆನ್ನಿನ ಅಗಲ ಅಳೆದ. ಸಿಂಹಾಸನ ಕಡೆಗೂ ರಾಜರಿಗೇ ಬಂತು ಎಂದು ಚೇಷ್ಟೆ ಮಾಡಿ, ಹೊಸದು ಇನ್ನೇನಾದರೂ ಹಾಕಿಸಬೇಕಾ ಎಂದು ಕೇಳಿದ.

ಡಾಕ್ಟರು ಸ್ವಲ್ಪ ಯೋಚಿಸಿ, ಕಣ್ಣೆದುರಿಗೇ ಇದ್ದ ಹೆಂಡತಿಯ ಹೆಲ್ಮೆಟ್ಟನ್ನು ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿದರು.

"ಇದರ ಹಿಂದೆ ಒಂದು ಒಳ್ಳೇ ಚಿತ್ರ ಬರೆಸಯ್ಯಾ. ಸಮುದ್ರ ಸಿಗೋವರೆಗೂ ನಾನು ಇದನ್ನೇ ನೋಡ್ಕೊಂಡು ಹೋಗಬೇಕಲ್ಲ."