ಬೆನ್ನುನೋವು

“ನಿಮ್ಮತ್ತೇನ ಹೊರಗೆ ಕಳಿಸಿದೀನಿ. ಈಗ ನೀವೇ ಹೇಳಿ, ಎಲ್ಲಿ ನೋವು?” ಡಾಕ್ಟರಮ್ಮ ಬಾಗಿಲು ಹಾಕಿ ಬಂದು ಕೇಳಿದರು. ಬಟ್ಟೆ ಹೊಲಿಯುತ್ತಲೇ ಸೊಸೆ ಗಿರಾಕಿಗಳ ಎದುರು ಮುದುಡಿ ಬಿದ್ದಿದ್ದಳು; ಆಡಿಕೊಳ್ಳುವವರ ಬಾಯಿ ಮುಚ್ಚಿಸಲೆಂದೇ ಅತ್ತೆ ಅವಳನ್ನು ಇಲ್ಲಿಗೆ ಕರೆತಂದಿದ್ದರು. ಸೊಸೆಯ ಕೈ ತಾನಾಗಿಯೇ ಎಡ ಎದೆಯತ್ತ ಹೋಯಿತು. ಗೋಲಿಯಷ್ಟಿದ್ದ ಗಂಟು ಅಲ್ಲೀಗ ನಿಂಬೆಹಣ್ಣಿನಷ್ಟಾಗಿತ್ತು.

ಬಾಗಿಲಾಚೆ ಅತ್ತೆ ಕೆಮ್ಮಿದರು. ದಾರಿಯುದ್ದಕ್ಕೂ ಅವರು ಕಿವಿಯಲ್ಲಿ ಊದಿದ್ದು ಒಂದೇ ಮಾತು: “ಗಂಟು ಗಿಂಟು ಅಂತ ಬಾಯಿ ಬಿಟ್ಟೀಯ, ಜೋಕೆ! ತಾಯಿಗೆ ಅಂಥಾ ಕಾಯಿಲೆ ಅಂತ ಗೊತ್ತಾದ್ರೆ ಮಗಳನ್ನ ಯಾರು ಮಾಡ್ಕೋತಾರೆ? ಕೂಡಿಬಂದ ಸಂಬಂಧಾನ ನೀನೇ ಕೈಯಾರೆ ಮುರೀತೀಯಾ?”

“ಹೆದರ್ಬೇಡಿ, ತೋರಿಸಿ,” ಎಂದರು ಡಾಕ್ಟರಮ್ಮ. ಎದೆಯ ಮೇಲಿದ್ದ ಕೈ ಮೆಲ್ಲಗೆ ಮೇಲೇರಿ, ಹೆಗಲು ದಾಟಿ ಬೆನ್ನಿಗೆ ಹೋಯಿತು. “ಬೆನ್ನು, ಮೇಡಂ. ಮೆಷಿನ್ ತುಳಿದೂ ತುಳಿದೂ ಹಿಡ್ಕೊಂಡಿದೆ.” ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು. ಹೊರಗೆ ರೋಗಿಗಳ ಗದ್ದಲ ಜೋರಾಗಿತ್ತು. ಒಂದು ಮುಲಾಮು ಬರೆದುಕೊಟ್ಟು ಕಳಿಸಿದರು.

ಮನೆಗೆ ಬಂದದ್ದೇ ಅತ್ತೆ ಅವಳನ್ನು ಬೋರಲು ಮಲಗಿಸಿದರು. ಮದುವೆಯಾಗಿ ಬಂದ ಮೇಲೆ ಅವರು ಅವಳನ್ನು ಅಕ್ಕರೆಯಿಂದ ಮುಟ್ಟಿದ್ದು ಇದೇ ಮೊದಲು. “ಜಾಣೆ ಕಣೇ ನೀನು, ಮನೆ ಮಾನ ಉಳಿಸಿದೆ,” ಎನ್ನುತ್ತ ನೋವೇ ಇಲ್ಲದ ಬೆನ್ನಿಗೆ ಮುಲಾಮು ಹಚ್ಚಿ ತಿಕ್ಕತೊಡಗಿದರು. ಒಂದೊಂದು ಸಲ ತಿಕ್ಕಿದಾಗಲೂ ಗಂಟು ನೆಲಕ್ಕೆ ಒತ್ತಿ ಅವಳಿಗೆ ಜೀವ ಹೋದಂತಾಗುತ್ತಿತ್ತು.

“ಹಾಯೆನಿಸ್ತಿದೆಯಾ?”

“ಹೂಂ, ಅತ್ತೆ.”

ಅತ್ತೆ ಇನ್ನಷ್ಟು ಬಲವಾಗಿ ಒತ್ತಿದರು.